ಹಟ್ಟಿಯ ಬಂಗಾರ, ಹಟ್ಟಿಯ ಬೂದಿ

ರಾಯಚೂರು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಮೊದಲು ಬಿಸಿಲು, ಅದರಲ್ಲಿ ಅನುಮಾನ ಇಲ್ಲ. ಆಮೇಲೆ ಶಕ್ತಿನಗರದ ಕರೆಂಟು. ಸ್ವಲ್ಪ ಇತಿಹಾಸ ಓದಿದವರಾದರೆ 1520ರ ಯುದ್ಧ, ಕೃಷ್ಣದೇವರಾಯ, ಆದಿಲ್‌ಶಾ. ಇನ್ನೂ ಸ್ವಲ್ಪ ಹೆಚ್ಚು ಓದಿದವರಿಗೆ 1294ರ ಕೋಟೆ ಶಾಸನ, ಮಸ್ಕಿಯ ಅಶೋಕನ ಶಾಸನ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನೆಲಕ್ಕೆ ಹಳಗನ್ನಡದ ಶಾಸನಗಳು ಎಡೆದೊರೆ ಅಂತ ಎಷ್ಟು ಚೆಂದದ ಹೆಸರು ಕೊಟ್ಟಿವೆ ನೋಡಿ! ಆದರೆ ಪುಸ್ತಕದಲ್ಲಿ ಸಿಗೋದು ಮಾತ್ರ ಬರೀ ಜಗಳದ ಕಥೆ. ಯಾದವರು, ಕಾಕತೀಯರು, ಬಹಮನಿಗಳು, ವಿಜಯನಗರದವರು, ಬಿಜಾಪುರದವರು... ಎಲ್ಲರೂ ಬಂದು ಕಿತ್ತಾಡಿದ ಜಾಗ ಅಂತ.

ಕಿತ್ತಾಡಿದ ರಾಜರ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಬರೆಯಬೇಕು ಅಂದುಕೊಂಡಿದ್ದು ಆ ರಾಜರೆಲ್ಲ ಬರುವುದಕ್ಕೆ ಸಾವಿರಾರು ವರ್ಷ ಮೊದಲು ಇದೇ ನೆಲದಲ್ಲಿ ದನ ಕಾಯ್ದುಕೊಂಡಿದ್ದ ಜನರ ಬಗ್ಗೆ. ಅವರು ಬಿಟ್ಟು ಹೋದದ್ದು ಕೋಟೆಯಲ್ಲ, ಗುಡಿಯಲ್ಲ... ಬೂದಿ. ಹೌದು, ಸಗಣಿ ಸುಟ್ಟ ಬೂದಿ! ಗುಡ್ಡ ಗುಡ್ಡದಷ್ಟು.

ಆದರೆ ಅಲ್ಲಿಗೆ ಹೋಗುವ ಮೊದಲು ನಿಮ್ಮನ್ನು ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಕ್ಕೆ. ಬೇಜಾರು ಮಾಡ್ಕೋಬೇಡಿ, ವಾಪಸ್ ರಾಯಚೂರಿಗೇ ಬರ್ತೀವಿ. ಅಲ್ಲದೆ ಆಂಡಿಸ್ ನಮಗೆ ಅಷ್ಟೇನೂ ಪರಕೀಯ ಅಲ್ಲ. ಜೋಳದ ರೊಟ್ಟಿ ಜೊತೆ ಶೇಂಗಾ ಹಿಂಡಿ ಹಾಕ್ಕೊಂಡು ತಿಂತೀವಲ್ಲ, ಆ ಶೇಂಗಾದ ತವರು ಅದೇ ಆಂಡಿಸ್‌ನ ಪೂರ್ವದ ತಪ್ಪಲು. ಆಲೂಗಡ್ಡೆಯಂತೂ ಪೂರ್ತಿ ಅಲ್ಲಿಯದೇ.

*

ಜಾನ್ ಮುರ್ರಾ ಅಂತ ಒಬ್ಬ ಮಾನವಶಾಸ್ತ್ರಜ್ಞ ಇದ್ದ. (ಮುರ್ರಾ ಅಂದರೆ ನಮ್ಮ ಕಡೆ ಎಮ್ಮೆ ತಳಿ ನೆನಪಾಗುತ್ತೆ, ಇರಲಿ!) ಹುಟ್ಟಿದ್ದು 1916ರಲ್ಲಿ ಒಡೆಸ್ಸಾದಲ್ಲಿ, ಬೆಳೆದದ್ದು ರೊಮೇನಿಯಾದಲ್ಲಿ, ಓದಿದ್ದು ಅಮೆರಿಕದ ಶಿಕಾಗೋದಲ್ಲಿ. ನಡುವೆ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ ಗಣರಾಜ್ಯದ ಪರ ಹೋರಾಡಿ ಬಂದ. ಆ ಹಿನ್ನೆಲೆಯಿಂದಾಗಿ 1950ರ ದಶಕದಲ್ಲಿ ಅಮೆರಿಕ ಸರ್ಕಾರ ಅವನಿಗೆ ಪಾಸ್‌ಪೋರ್ಟ್ ಕೊಡಲಿಲ್ಲ. ಆಂಡಿಸ್ ಬಗ್ಗೆ ಕೆಲಸ ಮಾಡಬೇಕು, ಆದರೆ ಅಲ್ಲಿಗೆ ಹೋಗೋ ಹಾಗಿಲ್ಲ! ಲೈಬ್ರರಿಯಲ್ಲೇ ಕೂತು ಹಳೆಯ ಸ್ಪ್ಯಾನಿಷ್ ಬರಹಗಳನ್ನು ಅಗೆದು, 1956ರಲ್ಲಿ ಇನ್ಕಾ ರಾಜ್ಯದ ಆರ್ಥಿಕ ವ್ಯವಸ್ಥೆಯ ಬಗ್ಗೆ ಪ್ರಬಂಧ ಮುಗಿಸಿದ.

ಇನ್ಕಾಗಳ ಬಗ್ಗೆ ಅಲ್ಲಿವರೆಗೂ ಎಲ್ಲರೂ ಹೇಳುತ್ತಿದ್ದ ಕಥೆ ಒಂದೇ: ಬಂಗಾರ. 1532ರಲ್ಲಿ ಸ್ಪೇನಿನವರು ಇನ್ಕಾ ದೊರೆ ಅತಾಹುವಾಲ್ಪನನ್ನು ಸೆರೆ ಹಿಡಿದದ್ದು, ಬಿಡುಗಡೆಗೆ ಅವನು ಒಂದು ಕೋಣೆ ತುಂಬ ಬಂಗಾರ ಕೊಡ್ತೀನಿ ಅಂದದ್ದು, ಕೊಟ್ಟರೂ ಅವನನ್ನು ಕೊಂದದ್ದು. ಬಂದವರ ಕಣ್ಣಿಗೆ ಬಂಗಾರ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮುರ್ರಾ ಕೇಳಿದ್ದು ಬೇರೆ ಪ್ರಶ್ನೆ. ಆ ಜನರಿಗೆ ಸ್ವತಃ ಯಾವುದು ಬೆಲೆಬಾಳುವ ವಸ್ತು? ಸೈನಿಕನಿಗೆ ಇನಾಮು ಏನು ಕೊಡ್ತಿದ್ದರು? ದೇವರಿಗೆ ಏನು ಅರ್ಪಿಸ್ತಿದ್ದರು? ಉತ್ತರ ಸಿಕ್ಕಿದ್ದು ಬಟ್ಟೆಯಲ್ಲಿ! 1962ರಲ್ಲಿ ಅವನು ಇದರ ಮೇಲೊಂದು ಲೇಖನ ಬರೆದ. ಇನ್ಕಾ ರಾಜ್ಯ ನಡೆಯುತ್ತಿದ್ದದ್ದು ನೇಯ್ದ ಬಟ್ಟೆಯ ಮೇಲೆ, ಆ ಬಟ್ಟೆಯ ಹಿಂದೆ ಲಾಮಾ, ಅಲ್ಪಾಕಾಗಳ ಹಿಂಡು ಅಂತ ತೋರಿಸಿಕೊಟ್ಟ.

ಆಮೇಲೆ ಅವನಿಗೆ ಪೆರುವಿಗೆ ಹೋಗಲು ಸಾಧ್ಯವಾಯಿತು. ಅಲ್ಲಿ 1562 ಮತ್ತು 1567ರಲ್ಲಿ ಸ್ಪ್ಯಾನಿಷ್ ಅಧಿಕಾರಿಗಳು ಊರೂರು ತಿರುಗಿ ಬರೆದಿಟ್ಟ ತಪಾಸಣೆಯ ಕಡತಗಳು ಅವನ ಮುಖ್ಯ ಆಧಾರ ಆದವು. ನಮ್ಮ ಕುಲಕರ್ಣಿ ದಫ್ತರ ಇದ್ದ ಹಾಗೆ ಅಂದುಕೊಳ್ಳಿ. ಮನೆಗೆ ಎಷ್ಟು ಜನ, ಎಷ್ಟು ಹೊಲ, ಎಷ್ಟು ಲಾಮಾ, ಯಾರಿಗೆ ಏನು ಕೊಡಬೇಕು... ಅದನ್ನು ಓದಿ, ಅಗೆತದಲ್ಲಿ ಸಿಕ್ಕಿದ್ದನ್ನು ನೋಡಿ, ಈಗಲೂ ಅಲ್ಲಿ ಬದುಕಿರುವ ಜನರ ನಡವಳಿಕೆ ಗಮನಿಸಿ, ಮೂರನ್ನೂ ಪಕ್ಕಪಕ್ಕ ಇಟ್ಟು ಅರ್ಥ ಮಾಡ್ಕೊಳ್ಳೋ ದಾರಿ ಅವನದು. ಒಂದೇ ಸಮುದಾಯ ಬೆಟ್ಟದ ಮೇಲಿನ ಹುಲ್ಲುಗಾವಲು, ಅದರ ಕೆಳಗೆ ಆಲೂಗಡ್ಡೆ ನೆಲ, ಇನ್ನೂ ಕೆಳಗೆ ಮೆಕ್ಕೆಜೋಳದ ಕಣಿವೆ, ಹೀಗೆ ಬೇರೆ ಬೇರೆ ಎತ್ತರದ ನೆಲಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಂಡು ಬದುಕುತ್ತಿತ್ತು ಅನ್ನೋ ಅವನ ವಾದ 1972ರಲ್ಲಿ ಬಂತು. ಈಗಲೂ ಆಂಡಿಸ್ ಬಗ್ಗೆ ಓದುವವರು ಅದರಿಂದಲೇ ಶುರು ಮಾಡ್ತಾರೆ. ಮುರ್ರಾ 2006ರಲ್ಲಿ ತೀರಿಕೊಂಡ.

ನನಗೆ ಇದರಲ್ಲಿ ಹಿಡಿಸಿದ್ದು ಒಂದೇ ಮಾತು. ಹೊರಗಿನವರು ಏನನ್ನು ಹುಡುಕಿಕೊಂಡು ಬಂದರೋ ಅದರಿಂದ ಒಂದು ನಾಡಿನ ಇತಿಹಾಸ ಅಳೆಯಬಾರದು. ಅಲ್ಲಿಯ ಜನ ಯಾವುದನ್ನು ಸಂಪತ್ತು ಅಂದುಕೊಂಡಿದ್ದರು ಅಂತ ಕೇಳಬೇಕು. ಈ ಪ್ರಶ್ನೆ ಹಿಡ್ಕೊಂಡು ಈಗ ರಾಯಚೂರಿಗೆ ಬನ್ನಿ.

*

ನಮ್ಮಲ್ಲೂ ಬಂಗಾರ ಇದೆ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ. ಇವತ್ತಿಗೂ ದೇಶದ ಬಂಗಾರದ ಗಣಿ ಅಂದರೆ ಮೊದಲು ಬರೋ ಹೆಸರು. ಆಧುನಿಕ ಯಂತ್ರಗಳು ಬರುವುದಕ್ಕೆ ಬಹಳ ಹಿಂದೆಯೇ ಇಲ್ಲಿ ಜನ ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಸೀಳಿಸಿ, ಆಳಕ್ಕೆ ಇಳಿದಿದ್ದರು. ಆ ಹಳೆ ಗಣಿಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ.

ಹಾಗಾಗಿ ಇಲ್ಲಿಗೆ ಬಂದ ಇಂಗ್ಲಿಷರೂ ಬಂಗಾರದ ಕಣ್ಣಿಂದಲೇ ನೆಲ ನೋಡಿದರು. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಹೇಗೆ ಗೊತ್ತಲ್ಲ? ಬೀಡನ್ ಅನ್ನೋ ಗಣಿ ಎಂಜಿನಿಯರು ಬಂಗಾರ ಹುಡುಕಿಕೊಂಡು ತಿರುಗುತ್ತಿದ್ದಾಗ ಬಂಡೆಯ ಮೇಲೆ ಅಕ್ಷರ ಕಂಡಿದ್ದು. ಅಶೋಕ ಅನ್ನೋ ಹೆಸರೇ ಇರುವ ಶಾಸನ! ಅಲ್ಲಿವರೆಗೆ ಬರೀ 'ದೇವಾನಾಂಪ್ರಿಯ' ಅಂತ ಇದ್ದವನು ಯಾರು ಅನ್ನೋದು ಖಚಿತ ಆದದ್ದು ನಮ್ಮ ಜಿಲ್ಲೆಯ ಬಂಡೆಯಿಂದ. ನಿಜಾಮ್ ಸರ್ಕಾರದ ಭೂಗರ್ಭ ಇಲಾಖೆಯ ಮನ್ ಎಂಬ ಅಧಿಕಾರಿ ಕೂಡ ಹಳೆ ಗಣಿಗಳ ಬೆನ್ನು ಹತ್ತಿ ರಾಯಚೂರು ಜಿಲ್ಲೆಯ ಎಷ್ಟೋ ಪ್ರಾಚೀನ ನೆಲೆಗಳನ್ನು ಗುರುತಿಸಿದ. ಬಂಗಾರದಿಂದ ಪುರಾತತ್ವಕ್ಕೆ ಲಾಭವೇ ಆಯಿತು, ಇಲ್ಲ ಅನ್ನೋಲ್ಲ.

ಆದರೆ ಒಂದು ಕ್ಷಣ ಆ ಊರಿನ ಹೆಸರು ನೋಡಿ. ಹಟ್ಟಿ! ಹಟ್ಟಿ ಅಂದರೇನು? ದನ ಕೂಡುವ ದೊಡ್ಡಿ, ದನಗಾಹಿಗಳ ಕೇರಿ. ಕೊಟ್ಟಿಗೆ ಅನ್ನಿ, ದೊಡ್ಡಿ ಅನ್ನಿ, ಹಟ್ಟಿ ಅನ್ನಿ. ಇಡೀ ದೇಶಕ್ಕೆ ಬಂಗಾರ ಅಂತ ಕೇಳಿಸುವ ಹೆಸರಿನ ಒಳಗೆ ನಮ್ಮ ಭಾಷೆ ದನ ಕಟ್ಟಿದೆ. ನಮ್ಮ ದೇವದುರ್ಗ ತಾಲೂಕಿನ ಮಸರಕಲ್ ಊರಿನ ಹೆಸರು ಕೇಳಿದಾಗಲೂ ನನಗೆ ಹೀಗೇ ಅನ್ನಿಸುತ್ತೆ. ನಮ್ಮ ಕಡೆ ಮೊಸರಿಗೆ ಮಸರು ಅಂತೀವಿ. ಊರ ಹೆಸರಿನ ಮೂಲ ಅದೇ ಅಂತ ನಾನು ವಾದ ಮಾಡ್ತಿಲ್ಲ, ಸ್ಥಳನಾಮದವರು ಬಡಿಗೆ ತಗೊಂಡು ಬರ್ತಾರೆ! ಆದರೆ ಕಿವಿಗೆ ಮಾತ್ರ ಮಸರೂ ಕಲ್ಲೂ ಕೇಳಿಸುತ್ತೆ. ಎಡೆದೊರೆಯ ಹಳೆಯ ಬದುಕನ್ನು ಎರಡೇ ಶಬ್ದದಲ್ಲಿ ಹೇಳು ಅಂದರೆ ನಾನು ಹೇಳೋದೂ ಅದನ್ನೇ. ದನ ಮತ್ತು ಬಂಡೆ.

*

ಈಗ ಬೂದಿಗೆ ಬರೋಣ.

ರಾಯಚೂರು, ಬಳ್ಳಾರಿ, ಯಾದಗಿರಿ ಜಿಲ್ಲೆಗಳಲ್ಲಿ, ಪಕ್ಕದ ತೆಲಂಗಾಣ-ಆಂಧ್ರದ ಗಡಿ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಬೂದಿಗುಡ್ಡ, ಬೂದಿದಿಬ್ಬಗಳು ಗುರುತಾಗಿವೆ. ನಮ್ಮ ಜಿಲ್ಲೆಯಲ್ಲಿ ವಂದಲಿ, ಗೌಡೂರು, ಮಾಚನೂರು ಇವೆಲ್ಲ ಪುರಾತತ್ವದವರ ಪಟ್ಟಿಯಲ್ಲಿರೋ ಹೆಸರುಗಳು. ಕೆಲವು ಆಳೆತ್ತರ, ಕೆಲವು ಮನೆಗಿಂತ ಎತ್ತರ. ಮೇಲೆ ನೋಡಿದರೆ ಮಾಮೂಲಿ ದಿಬ್ಬ. ಕೆದಕಿದರೆ ಬಿಳಿ-ಬೂದು ಬಣ್ಣದ ನುಣ್ಣನೆ ಬೂದಿ, ಪದರ ಪದರವಾಗಿ. ನಡುನಡುವೆ ಗಾಜಿನ ಹಾಗೆ ಕರಗಿ ಗಟ್ಟಿಯಾದ, ತೂತು ತೂತಾದ ಕಿಟ್ಟ. ಕೈಯಲ್ಲಿ ಹಿಡಿದರೆ ಕಬ್ಬಿಣದ ಕುಲುಮೆಯಿಂದ ಬಂದದ್ದೇನೋ ಅನ್ನಿಸಬೇಕು.

ಇದು ಏನು? ಜನರಿಗೆ ಉತ್ತರ ಗೊತ್ತಿತ್ತು. ಬಳ್ಳಾರಿ-ಹೊಸಪೇಟೆ ದಾರಿಯ ಕುಡತಿನಿಯ ಬೂದಿಗುಡ್ಡ ಭೀಮಸೇನ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗ. ಇಷ್ಟು ದೊಡ್ಡ ಬೂದಿಯ ರಾಶಿ ಆಗಬೇಕಾದರೆ ಸುಟ್ಟ ದೇಹ ಎಷ್ಟು ದೊಡ್ಡದಿರಬೇಕು! ತರ್ಕ ಸರಿಯಾಗೇ ಇದೆ.

ಇಂಗ್ಲಿಷರಿಗೆ ಅಷ್ಟು ಸುಲಭ ಆಗಲಿಲ್ಲ. ಮದ್ರಾಸ್ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳ ಬಗ್ಗೆ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ, ಜನ ಹೇಳುವ ಹಿಡಿಂಬಾಸುರನ ಕಥೆಯನ್ನೂ ಸೇರಿಸಿ. ಆಮೇಲೆ ಶುರುವಾಯಿತು ನೋಡಿ ಊಹೆಗಳ ಮೆರವಣಿಗೆ. ಜ್ವಾಲಾಮುಖಿ ಇರಬಹುದೇ? ಇಟ್ಟಿಗೆ ಭಟ್ಟಿ? ಕಬ್ಬಿಣ ಕರಗಿಸಿದ ಕಿಟ್ಟ? ಸಾಮೂಹಿಕ ಸತಿಯ ಚಿತೆ? ಸಗಣಿ ಅಂತ ಹೇಳಿದವನು ರಾಬರ್ಟ್ ಬ್ರೂಸ್ ಫೂಟ್, ಭಾರತದ ಪ್ರಾಗಿತಿಹಾಸಕ್ಕೆ ಬುನಾದಿ ಹಾಕಿದ ಭೂವಿಜ್ಞಾನಿ. ಆಫ್ರಿಕಾದ ದನದ ದೊಡ್ಡಿಗಳಿಗೆ ಹೋಲಿಸಿ, ಇವು ದೊಡ್ಡಿಯಲ್ಲಿ ಬಿದ್ದ ಸಗಣಿ ಸುಟ್ಟ ಬೂದಿ ಅಂದ. ಕೊನೆಗೆ ಲಂಡನ್ನಿನ ಜಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪರೀಕ್ಷಿಸಿ 1960ರಲ್ಲಿ ಪ್ರಕಟಿಸಿದ ವರದಿ ಫೂಟ್‌ನ ಮಾತನ್ನು ಗಟ್ಟಿ ಮಾಡಿತು. ಹುಲ್ಲಿನಲ್ಲಿ ಮರಳಿನ ಅಂಶ ಇರುತ್ತೆ. ಹುಲ್ಲು ತಿಂದ ದನದ ಸಗಣಿಯಲ್ಲೂ ಅದು ಉಳಿಯುತ್ತೆ. ಕಾವು ಬಹಳ ಏರಿದಾಗ ಅದೇ ಕರಗಿ ಗಾಜಿನಂಥ ಕಿಟ್ಟ ಆಗುತ್ತೆ. ರಾಕ್ಷಸನೂ ಇಲ್ಲ, ಜ್ವಾಲಾಮುಖಿಯೂ ಇಲ್ಲ. ಹೆಂಡಿ!

*

ಈ ಕಥೆಯಲ್ಲಿ ನಮ್ಮ ಮುರ್ರಾನ ಜಾಗದಲ್ಲಿ ನಿಲ್ಲುವವನು ರೇಮಂಡ್ ಆಲ್ಚಿನ್. 1944ರಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಭಾರತಕ್ಕೆ ಬಂದ ಹುಡುಗ. ಯುದ್ಧ ಮುಗಿದ ಮೇಲೂ ಈ ದೇಶ ಅವನನ್ನು ಬಿಡಲಿಲ್ಲ. ತುಳಸೀದಾಸರ ಕವಿತಾವಳಿಯನ್ನೂ ವಿನಯಪತ್ರಿಕೆಯನ್ನೂ ಇಂಗ್ಲಿಷಿಗೆ ತಂದವನೂ ಇವನೇ ಅಂದರೆ ನೋಡಿ. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಅಗೆದು 1960ರಲ್ಲಿ ವರದಿ ತಂದ. ಅಲ್ಲಿಯ ಬಂಡೆಗಳ ಮೇಲೆ ಡುಬ್ಬದ ದನಗಳ ಚಿತ್ರ ಕುಟ್ಟಿ ಮೂಡಿಸಿದ್ದಾರೆ. ಆ ಜನರಿಗೆ ಕಣ್ಣಿಗೂ ಮನಸ್ಸಿಗೂ ದನವೇ.

1957ರಲ್ಲಿ ಆಗಿನ ಮೆಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ ಆಲ್ಚಿನ್ ಒಂದು ಬೂದಿಗುಡ್ಡವನ್ನು ಸೀಳಿ ನೋಡಿದ. ಸಿಕ್ಕಿದ್ದು ಬೇಲಿಯ ಗೂಟ ನೆಟ್ಟ ಕುಳಿಗಳ ಸಾಲು. ಅಂದರೆ ದೊಡ್ಡಿ. ಸುಟ್ಟು, ಮತ್ತೆ ಅದೇ ಜಾಗದಲ್ಲಿ ಬೇಲಿ ಹಾಕಿ, ಮತ್ತೆ ಸುಟ್ಟು, ಹೀಗೆ ಮೇಲಿಂದ ಮೇಲೆ. ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ ವಿವರ ಇನ್ನೊಂದು. ಬೂದಿಯ ಪದರದ ಮೇಲೆ ದನದ ಗೊರಸಿನ ಗುರುತು! ನಾಲ್ಕು ಸಾವಿರ ವರ್ಷದ ಹಿಂದೆ ಯಾವುದೋ ಹಸು ಬೂದಿ ಮೇಲೆ ಕಾಲಿಟ್ಟು ಹೋಗಿದೆ, ಅದರ ಗುರುತು ಹಾಗೇ ಉಳಿದಿದೆ. ರಾಯಚೂರು ಕೋಟೆಯ 41 ಅಡಿಯ ಶಾಸನದ ಕಲ್ಲು ದೊಡ್ಡದೇ. ಆದರೆ ಆ ಗೊರಸಿನ ಗುರುತಿನ ಮುಂದೆ ನನಗೆ ಅದು ನಿನ್ನೆ ಮೊನ್ನೆಯದು ಅನ್ನಿಸುತ್ತೆ.

ಅಲ್ಲಿಯ ಇದ್ದಿಲಿನ ಕಾಲ ಕ್ರಿ.ಪೂ. 2000ಕ್ಕಿಂತ ಹಿಂದಕ್ಕೆ ಹೋಯಿತು. ಸುಮಾರು ಆ ಕಾಲಕ್ಕೇ ಪೆರುವಿನ ಕರಾವಳಿಯಲ್ಲಿ ಕರಾಲ್ ಎಂಬಲ್ಲಿ ಕಲ್ಲಿನ ದೊಡ್ಡ ದೊಡ್ಡ ಜಗಲಿಗುಡ್ಡಗಳು ಎದ್ದಿದ್ದವು. ಅವುಗಳಿಗೆ 2009ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ನಮ್ಮ ಬೂದಿಗುಡ್ಡಗಳಿಗೆ... ಆಮೇಲೆ ಹೇಳ್ತೀನಿ.

ಯಾಕೆ ಸುಟ್ಟರು? ಆಲ್ಚಿನ್ ಇಲ್ಲಿ ಮಾನವಶಾಸ್ತ್ರದವನ ಹಾಗೆ ಯೋಚಿಸಿದ. ಸುತ್ತಲೂ ಬದುಕಿರೋ ಜನ ದನಕ್ಕೂ ಬೆಂಕಿಗೂ ಏನು ಸಂಬಂಧ ಇಟ್ಕೊಂಡಿದ್ದಾರೆ ಅಂತ ನೋಡಿದ. ಹಳೆ ಮೈಸೂರು ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸ್ತಾರೆ. ಹೋಳಿಗೆ ಬೆಂಕಿ, ದೀಪಾವಳಿಗೆ ಬೆಂಕಿ, ದನಗಳ ಪೂಜೆ. 1963ರಲ್ಲಿ ಕೇಂಬ್ರಿಜ್‌ನಿಂದ ಬಂದ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಕುರಿತ ಪುಸ್ತಕದಲ್ಲಿ ಅವನು ಇಟ್ಟ ವಾದ ಇದು: ಈ ದೊಡ್ಡಿಗಳನ್ನು ಋತುಮಾನದ ಹಬ್ಬಗಳಲ್ಲಿ ಬೇಕೆಂದೇ ಸುಡುತ್ತಿದ್ದರು. ಇವತ್ತಿನ ಹಬ್ಬಗಳಲ್ಲಿ ಅದರ ದೂರದ ನೆನಪು ಇರಬಹುದು.

ನಾಲ್ಕು ಸಾವಿರ ವರ್ಷದ ಅಂತರಕ್ಕೆ ಒಂದು ಹಬ್ಬದ ಸೇತುವೆ ಕಟ್ಟೋದು ಅಪಾಯದ ಕೆಲಸ, ಒಪ್ತೀನಿ. ಸುಗ್ಗಿ, ದೀಪಾವಳಿ ಹೀಗೇ ಇದ್ದವು ಅಂತ ಯಾರೂ ಸಾಬೀತು ಮಾಡೋಕೆ ಆಗಲ್ಲ. ಆದರೂ ನಮ್ಮ ಕಡೆ ದೀಪಾವಳಿ ಪಾಡ್ಯದ ದಿನ ನೆನಪು ಮಾಡ್ಕೊಳ್ಳಿ. ಸಗಣಿಯ ಸಣ್ಣ ಸಣ್ಣ ಗುಪ್ಪೆ ಮಾಡಿ, ಹೂ ಸಿಕ್ಕಿಸಿ, 'ಪಾಂಡವರು' ಅಂತ ಬಾಗಿಲಲ್ಲಿ ಕೂಡಿಸ್ತಾರೆ. ಹಟ್ಟಿ ಲಕ್ಕವ್ವನ ಪೂಜೆ ಆಗುತ್ತೆ. ಕುಡತಿನಿಯಲ್ಲಿ ಸಗಣಿ ಬೂದಿಗೆ ಭೀಮನ ಕಥೆ, ನಮ್ಮ ಬಾಗಿಲಲ್ಲಿ ಸಗಣಿಗೆ ಪಾಂಡವರ ಹೆಸರು... ಪುರಾವೆ ಅಲ್ಲ, ಆದರೆ ಸುಮ್ಮನೆ ದಾಟಿ ಹೋಗೋಕೂ ಮನಸ್ಸು ಬರಲ್ಲ.

*

ಆಲ್ಚಿನ್ ನಂತರ ಬಂದವರು ಎಲ್ಲರೂ ಅವನನ್ನು ಒಪ್ಪಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯಲ್ಲಿ ವರ್ಷಗಟ್ಟಲೆ ತಿರುಗಿದವರು. ಬೂದಿಹಾಳದಲ್ಲಿ (ಹೆಸರು ನೋಡಿ!) 1989ರಿಂದ 1997ರವರೆಗೆ ಅವರು ಅಗೆಸಿದಾಗ ಬೂದಿಗುಡ್ಡದ ಪಕ್ಕದಲ್ಲೇ ಜನ ವಾಸ ಮಾಡಿದ ಜಾಗ, ಕಲ್ಲಿನ ಅಲಗು ತಯಾರಿಸುತ್ತಿದ್ದ ಜಾಗ, ದನ ಕೊಯ್ದು ಪಾಲು ಹಾಕಿದ ನೆಲ, ಮಕ್ಕಳ ಸಮಾಧಿಗಳು ಸಿಕ್ಕವು. ಹಾಗಾದರೆ ಇದು ಕಾಡಿನ ನಡುವಿನ ಬರೀ ದೊಡ್ಡಿ ಅಲ್ಲ, ಊರು. ಊರಲ್ಲಿ ಬಿದ್ದ ಸಗಣಿಯನ್ನು ಒಂದು ಕಡೆ ಒಟ್ಟಿ ಆಗಾಗ ಸುಡುತ್ತಿದ್ದರು ಅನ್ನೋದು ಪದ್ದಯ್ಯನವರ ವಾದದ ಸಾರ.

2004ರಲ್ಲಿ ಪೀಟರ್ ಜೊಹಾನ್ಸನ್ ಇನ್ನೊಂದು ದಿಕ್ಕಿಂದ ನೋಡಿದರು. ಬರೀ ಕಸ ಆಗಿದ್ದರೆ ಇಷ್ಟು ಎತ್ತರಕ್ಕೆ, ಇಷ್ಟು ಅಚ್ಚುಕಟ್ಟಾಗಿ ಯಾಕೆ ಒಟ್ಟಬೇಕು? ಇದು ಜನ ಕೂಡಿ ಬೇಕೆಂದೇ ಎಬ್ಬಿಸಿದ ಸ್ಮಾರಕ ಅಂದರು. ಅದೇ ವರ್ಷ ನಿಕೋಲ್ ಬೋಯಿವಿನ್ ಕೂಡ ಬೂದಿಗುಡ್ಡಗಳನ್ನು ಆ ಜನರ ಲೋಕದೃಷ್ಟಿಯ ಭಾಗವಾಗಿ ನೋಡಿದ ಲೇಖನ ಬರೆದರು. ಡೋರಿಯನ್ ಫುಲ್ಲರ್, ಬೋಯಿವಿನ್, ಧಾರವಾಡದ ರವಿ ಕೋರಿಶೆಟ್ಟರ್ 2007ರಲ್ಲಿ ಕಾಲಮಾಪನದ ಫಲಿತಾಂಶ ತಂದಾಗ, ಕೆಲವು ಗುಡ್ಡಗಳು ಸಾವಿರಾರು ವರ್ಷ ತಗೊಂಡು ಬೆಳೆದವಲ್ಲ, ಕೆಲವೇ ತಲೆಮಾರುಗಳಲ್ಲಿ ಎದ್ದವು ಅನ್ನೋದು ಗೊತ್ತಾಯಿತು. ಆ ಜನ ಬೆಳೆದ ಕಾಳುಗಳ ಬಗ್ಗೆಯೂ ಫುಲ್ಲರ್ ಕೆಲಸ ಮಾಡಿದ್ದಾರೆ. ಹುರುಳಿ, ಹೆಸರು, ಕೊರಲೆ. ನಮ್ಮ ಜೋಳ ಆಮೇಲೆ ಆಫ್ರಿಕಾದಿಂದ ಬಂದದ್ದು. ರೊಟ್ಟಿ ಇಲ್ಲದ ರಾಯಚೂರು ಊಹಿಸ್ಕೊಳ್ಳಿ!

ಮಾನವಿ ಸೀಮೆಯ ವಟಗಲ್‌ನಲ್ಲಿ 1990ರ ದಶಕದ ಮೊದಲಲ್ಲಿ ರಾಜ್ಯ ಪುರಾತತ್ವ ಇಲಾಖೆಯ ದೇವರಾಜ್, ಅಮೆರಿಕದ ಜಿಮ್ ಶಾಫರ್ ಮತ್ತಿತರರು ಅಗೆದು ನವಶಿಲಾಯುಗದ ವಸತಿಯನ್ನು ಬೆಳಕಿಗೆ ತಂದರು. 2010ರಿಂದ ಮಸ್ಕಿ ಸುತ್ತಮುತ್ತ ಇದೇ ಜೊಹಾನ್ಸನ್ ಮತ್ತು ಆ್ಯಂಡ್ರ್ಯೂ ಬವರ್ ಸೇರಿ ಹೊಲ ಹೊಲ, ಗುಡ್ಡ ಗುಡ್ಡ ನಡೆದು ಸಮೀಕ್ಷೆ ಮಾಡಿದ್ದಾರೆ. ಇವರಿಬ್ಬರೂ ಪಾಠ ಮಾಡೋದು ಮಾನವಶಾಸ್ತ್ರ ವಿಭಾಗದಲ್ಲಿ, ಮುರ್ರಾನ ಹಾಗೆ. ಯಾರು ರಾಜ ಅನ್ನೋದಕ್ಕಿಂತ ಯಾರು ಎಲ್ಲಿ ದನ ಮೇಯಿಸಿದರು, ಯಾರು ಕಬ್ಬಿಣ ಕರಗಿಸಿದರು, ಯಾರು ನೀರು ಕಟ್ಟಿದರು ಅನ್ನೋದು ಇವರ ಪ್ರಶ್ನೆ.

ಸರಿ, ಕಸವೋ ಸ್ಮಾರಕವೋ? ಪಂಡಿತರ ಜಗಳದಲ್ಲಿ ಬಾಯಿ ಹಾಕೋ ಅರ್ಹತೆ ನನಗಿಲ್ಲ. ಆದರೆ ಹಳ್ಳಿಯಲ್ಲಿ ಹುಟ್ಟಿದ ನಮಗೆ ಈ ಪ್ರಶ್ನೆಯೇ ಸ್ವಲ್ಪ ವಿಚಿತ್ರ ಅನ್ನಿಸಲ್ಲವೇ? ನಮ್ಮ ತಿಪ್ಪೆ ತಗೊಳ್ಳಿ. ಕಸ ಚೆಲ್ಲೋ ಜಾಗವೂ ಅದೇ, ಹೊಲಕ್ಕೆ ಹೋಗೋ ಸಂಪತ್ತೂ ಅದೇ. ಹಬ್ಬಕ್ಕೆ ಅದಕ್ಕೆ ದೀಪ ಇಡ್ತಾರೆ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡು ತಿಪ್ಪಣ್ಣ, ತಿಪ್ಪಮ್ಮ ಅಂತ ಹೆಸರಿಡೋ ರೂಢಿ ನಮ್ಮಲ್ಲಿತ್ತು. ಸಾವಿನಿಂದ ಕೂಸನ್ನು ಕಾಪಾಡೋದು ತಿಪ್ಪೆ! ತಿಪ್ಪಣ್ಣ ಅಂತ ಮಗನಿಗೆ ಹೆಸರಿಡೋ ಜನರಿಗೆ ಕಸ ಬೇರೆ, ಪವಿತ್ರ ಬೇರೆ ಅನ್ನೋ ಗೆರೆ ಎಲ್ಲಿದೆ? ಬೂದಿಗುಡ್ಡ ಒಟ್ಟಿದವರಿಗೂ ಆ ಗೆರೆ ಇದ್ದಿರಲಾರದು ಅಂತ ನನ್ನ ಅನಿಸಿಕೆ.

*

ಆಂಡಿಸ್‌ನಲ್ಲೂ ಹೀಗೇ ಇದೆ ನೋಡಿ. ಮರ ಬೆಳೆಯದ ಎತ್ತರದಲ್ಲಿ ಲಾಮಾದ ಹಿಕ್ಕೆಯೇ ಸೌದೆ. ಅದಕ್ಕೆ ಅವರು ತಾಕಿಯಾ ಅಂತಾರೆ, ನಮ್ಮ ಕುಳ್ಳಿನ ಹಾಗೆ. ಪೊಟೋಸಿಯ ಬೆಳ್ಳಿಯನ್ನು ಗಾಳಿಕುಲುಮೆಗಳಲ್ಲಿ ಕರಗಿಸಿದ ಉರಿಯಲ್ಲಿ ಅದಕ್ಕೂ ಪಾಲಿದೆ. ಟಿಟಿಕಾಕಾ ಸರೋವರದಲ್ಲಿ 1870ರಲ್ಲಿ ನೀರಿಗಿಳಿದ ಯಾವರಿ ಎಂಬ ಉಗಿಹಡಗು ಓಡಿದ್ದು ಲಾಮಾ ಹಿಕ್ಕೆ ಉರಿಸಿ! ಇಂಗ್ಲೆಂಡಿನಲ್ಲಿ ತಯಾರಾಗಿ, ಬಿಡಿ ಬಿಡಿಯಾಗಿ ಹೇಸರಗತ್ತೆಗಳ ಮೇಲೆ ಬೆಟ್ಟ ಹತ್ತಿದ ಹಡಗು ಅದು. ಪೆರುವಿನ ನುನ್ಯೋವಾ ಎಂಬಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞರು 1974ರಲ್ಲಿ ಲೆಕ್ಕ ಹಾಕಿ ಬರೆದದ್ದು ಏನೆಂದರೆ, ಅಷ್ಟು ಎತ್ತರದಲ್ಲಿ ಮನುಷ್ಯ ಬದುಕೋದಕ್ಕೆ ಹಿಕ್ಕೆ ಇಲ್ಲದೆ ಆಗೋದೇ ಇಲ್ಲ. ಅಡುಗೆಗೂ ಅದೇ, ಆಲೂಗಡ್ಡೆ ಹೊಲದ ಗೊಬ್ಬರಕ್ಕೂ ಅದೇ.

ಇದು ನಮ್ಮ ರೈತರಿಗೆ ಹೊಸ ಸಂಗತಿ ಏನಲ್ಲ. ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸೋಕೆ ಕುರುಬರಿಗೆ ದುಡ್ಡು, ಕಾಳು ಕೊಡ್ತಾರೆ. ಗೊಬ್ಬರಕ್ಕೆ ಬೆಲೆ ಇದೆ.

ಹಾಗಿದ್ದ ಮೇಲೆ ಬೂದಿಗುಡ್ಡದ ಜನ ಅಷ್ಟು ಸಗಣಿಯನ್ನು ಒಟ್ಟಿಗೆ ಸುಟ್ಟರು ಅನ್ನೋದರ ತೂಕ ಈಗ ಗೊತ್ತಾಗುತ್ತೆ. ಅಡುಗೆಗೆ ಬೇಕಾದ ಉರುವಲು, ಮಣ್ಣಿಗೆ ಬೇಕಾದ ಸತ್ವ. ಅದನ್ನು ಇಡೀ ಊರು ಕೂಡಿ ಒಂದೇ ರಾತ್ರಿ ಉರಿಸಿದರೆ ಎಷ್ಟು ದೂರಕ್ಕೆ ಕಾಣಿಸಿರಬೇಕು! ಬಯಲುಸೀಮೆ ಬೇರೆ. ಇಷ್ಟು ದನ ನಮ್ಮಲ್ಲಿವೆ, ನಾವು ಇಲ್ಲಿದ್ದೀವಿ ಅಂತ ಸುತ್ತಲಿನ ಹಟ್ಟಿಗಳಿಗೆ ಹೇಳಿದ ಹಾಗೆ. ಇನ್ಕಾ ದೊರೆಗಳು ಅತಿ ನಯವಾದ ಬಟ್ಟೆಯನ್ನೇ ದೇವರಿಗೆ ಸುಡುತ್ತಿದ್ದರು. ಬೆಲೆ ಇರುವುದನ್ನೇ ಅಲ್ಲವೇ ಜನ ಬೆಂಕಿಗೆ ಕೊಡೋದು?

*

ಈಗ ಆಗಲೇ ಬಾಕಿ ಉಳಿಸಿದ ಮಾತು. ಬೂದಿಗುಡ್ಡಗಳು ಈಗ ಏನಾಗಿವೆ?

ಎಷ್ಟೋ ಗುಡ್ಡಗಳು ಹೊಲ ಸೇರಿವೆ. ಬೂದಿ ಒಳ್ಳೆ ಗೊಬ್ಬರ. ಬಂಡಿಯಲ್ಲಿ ಹೇರಿಕೊಂಡು ಹೋಗಿ ಹರವಿದರು, ಆಮೇಲೆ ಟ್ರ್ಯಾಕ್ಟರ್ ಬಂತು. ಬಂಡಿಯ ಕಾಲದಲ್ಲಿ ಒಂದು ತಲೆಮಾರು ಹಿಡಿಯುತ್ತಿದ್ದ ಕೆಲಸ ಟ್ರ್ಯಾಕ್ಟರಿಗೆ ಒಂದು ಬೇಸಿಗೆ ಸಾಕು. ಜೆಸಿಬಿ ಬಂದ ಮೇಲೆ ಕೇಳೋದೇ ಬೇಡ. ರಸ್ತೆಗೆ, ಮನೆಯ ತಳಕ್ಕೆ, ನೀರಾವರಿಗೆ ಹೊಲ ಸಪಾಟು ಮಾಡೋಕೆ...

ರೈತನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಸಗಣಿಯ ಬೂದಿ ಹೊಲಕ್ಕೆ ಹೋಗೋದು ಅಂದರೆ ನಾಲ್ಕು ಸಾವಿರ ವರ್ಷ ತಡವಾಗಿ ಸರಿಯಾದ ಜಾಗ ಸೇರಿತು ಅಂತಲೂ ಅನ್ನಬಹುದು! ಪೆರುವಿನಲ್ಲಿ ಆದದ್ದಕ್ಕಿಂತ ವಾಸಿ. ಅಲ್ಲಿ ಮೋಚೆ ಜನರು ಹಸಿ ಇಟ್ಟಿಗೆಯಿಂದ ಕಟ್ಟಿದ ಸೂರ್ಯನ ಗುಡಿ ಎಂಬ ಬೃಹತ್ ದಿಬ್ಬ ಇದೆ. 17ನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಒಳಗಿನ ಬಂಗಾರಕ್ಕಾಗಿ ನದಿಯನ್ನೇ ತಿರುಗಿಸಿ ಅದರ ದೊಡ್ಡ ಭಾಗವನ್ನು ಕೊಚ್ಚಿ ಹಾಕಿದರು. ಅಲ್ಲಿ ದುರಾಸೆಗೆ ಹೋಯಿತು. ಇಲ್ಲಿ ಹೋಗ್ತಿರೋದು ಗೊತ್ತಿಲ್ಲದೆ. ದಿಬ್ಬ ಅಗೆಯುವ ರೈತನಿಗೆ ಇದು ಅವನ ನೆಲದ ಮೊದಲ ದನಗಾಹಿಗಳ ಕೆಲಸ ಅಂತ ಯಾವ ಶಾಲೆಯೂ ಹೇಳಿಕೊಟ್ಟಿಲ್ಲ. ಪಾಠದಲ್ಲಿ ಇರೋದು 1520ರ ಯುದ್ಧ.

ನನ್ನ ಸಂಕಟ ಇಷ್ಟೇ. ಇನ್ಕಾಗಳ ವಿಷಯದಲ್ಲಿ ಮುರ್ರಾನಿಗೆ ಓದೋಕೆ ಕಡತಗಳಾದರೂ ಇದ್ದವು. ನಮ್ಮ ದನಗಾಹಿಗಳು ಒಂದು ಅಕ್ಷರ ಬರೆದಿಲ್ಲ, ಅವರ ಬಗ್ಗೆಯೂ ಆಗ ಯಾರೂ ಬರೆದಿಲ್ಲ. ಅವರ ದಫ್ತರ ಅಂದರೆ ಆ ಬೂದಿಯ ಪದರಗಳೇ. ಯಾವ ವರ್ಷ ಬೇಲಿ ಹಾಕಿದರು, ಎಷ್ಟು ಸಲ ಸುಟ್ಟರು, ದನ ಯಾವ ಕಡೆ ನಡೆದು ಹೋಯಿತು, ಎಲ್ಲ ಅದರಲ್ಲೇ ಇದೆ. ಒಂದು ಟ್ರಾಲಿ ಬೂದಿ ಹೋದರೆ ಅಷ್ಟು ಪುಟ ಹೋದ ಹಾಗೆ. ಅದಕ್ಕೆ ಇನ್ನೊಂದು ಪ್ರತಿ ಇಲ್ಲ.

ಇಲಾಖೆಯವರು ನೂರು ದಿಬ್ಬಕ್ಕೂ ಕಾವಲು ಹಾಕೋದು ಆಗದ ಮಾತು. ಊರಿನವರಿಗೆ ಗೊತ್ತಿದ್ದರೆ ಮಾತ್ರ ಉಳಿಯುತ್ತೆ. ಪಂಚಾಯಿತಿ ಕಟ್ಟೆ ಮೇಲೆ ಒಬ್ಬರು, ಶಾಲೆಯಲ್ಲಿ ಒಬ್ಬ ಮೇಷ್ಟ್ರು ಹೇಳಿದರೂ ಸಾಕು: ಆ ದಿಬ್ಬ ಹಿಡಿಂಬಾಸುರನದಲ್ಲ, ನಮ್ಮ ಹಾಗೇ ದನ ಕಟ್ಟಿದ್ದವರದು ಅಂತ. ಹಿಡಿಂಬಾಸುರನ ಕಥೆಯನ್ನೂ ಜೊತೆಗೇ ಹೇಳಲಿ, ಅದೂ ನಮ್ಮದೇ.

ಗೆಳೆಯರೇ, ನಿಮ್ಮಲ್ಲಿ ರಾಯಚೂರು, ಬಳ್ಳಾರಿ, ಯಾದಗಿರಿ, ಕೊಪ್ಪಳದ ಕಡೆಯವರು ತುಂಬಾ ಜನ ಇದ್ದೀರಿ. ಊರಿಗೆ ಹೋದಾಗ ಹಿರಿಯರನ್ನು ಒಮ್ಮೆ ಕೇಳಿ, 'ಯಜ್ಜಾ, ನಮ್ಮ ಸೀಮಿಯಾಗ ಬೂದಿದಿಬ್ಬ ಎಲ್ಲೈತಿ?' ಅಂತ. ಹೊಲದ ಹೆಸರಲ್ಲೇ ಇರಬಹುದು, ಬೂದಿಹೊಲ, ಬೂದಿಗುಂಟಿ ಅಂತ. ಇದ್ದರೆ ಒಂದು ಫೋಟೋ ತೆಗೆದು, ಊರ ಹೆಸರು ಹಾಕಿ, ಅಲ್ಲಿಯ ಕಥೆ ಏನಿದೆ ಅಂತ ನಿಮ್ಮ ಬ್ಲಾಗಿನಲ್ಲಿ ನಾಲ್ಕು ಸಾಲು ಬರೆಯಿರಿ. ನೀರಿಗೆ, ಕಲ್ಲಿಗೆ, ಗುಡಿಗೆ ಬರೆದವರು ಬಹಳ ಆದರು. ಹೆಂಡಿಗೂ ಒಬ್ಬರು ಬರೆಯಲಿ.